ಅಗಸೆಯ ಗುಡ್ಡ

ಲಂಡನ್ನಿನ ಕ್ರೋಯ್ಡನ್ ಕಡೆಯ ಆಸ್ಪತ್ರೆಯೊಂದರಲ್ಲಿ ನಾನು ಫಿಸಿಯೋ ಆಗಿದ್ದೆ. ಬಿದ್ದವರನ್ನು ಎಬ್ಬಿಸಿ ನಡೆಸುವುದರಲ್ಲಿ ನನಗೆ ಯಾರ ಮುಲಾಜೂ ಇರಲಿಲ್ಲ. ಎರಡು ಸಾವಿರದ ದಶಕದ ಒಂದು ಚಳಿಗಾಲದಲ್ಲಿ ಫಿನ್ಲೆಂಡಿನ ಅಜ್ಜಿಯೊಬ್ಬರು ಸೊಂಟ ಮುರಿದುಕೊಂಡು ಬಂದರು. ಒಂಟಿ ಜೀವ. ಅವರ ಮನೆ ಇಳಿಜಾರಿನ ಮೇಲ್ತುದಿಯಲ್ಲಿ, ಬಿದ್ದದ್ದೂ ಅಲ್ಲೇ. ಬಾಗಿಲಿನಿಂದ ರಸ್ತೆಯವರೆಗೆ ಇಳಿದು ತೋರಿಸಿದರೆ ಮನೆ, ಇಲ್ಲದಿದ್ದರೆ ವೃದ್ಧಾಶ್ರಮ. ವಾರ್ಡಿನಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದವರು ಮನೆಯ ಮಾತೆತ್ತಿದರೆ ಮಾತ್ರ, ಆ ‘ಮ್ಯಾಕಿ’ ಇಳಿಯಲಾರೆ ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು.

ನನ್ನ ಜೊತೆಗಿದ್ದ ಇನ್ನೊಬ್ಬ ಫಿಸಿಯೋ ಎಸ್ಟೋನಿಯಾದವಳು. ಮ್ಯಾಕಿ ಎಂದರೆ ಗುಡ್ಡ, ನಮ್ಮಲ್ಲಿ ‘ಮ್ಯಾಗಿ’ ಎಂದಳು. ನಗಬೇಡಿ, ನಾನು ಆಗಲೇ ನಕ್ಕು ಮುಗಿಸಿದ್ದೇನೆ. ಆ ಸೀಮೆಯಲ್ಲಿ ಅವರ ಭಾಷೆಗೆ ನೆಂಟರಾದ ಕರೇಲಿಯನ್ನರಲ್ಲೂ ವೆಪ್ಸರಲ್ಲೂ ಹೆಚ್ಚುಕಡಿಮೆ ಇದೇ ಪದವಂತೆ. ಅಜ್ಜಿ ಸುಮ್ಮನಿರಲಿಲ್ಲ. ತಮ್ಮಲ್ಲಿ ಮ್ಯಾಕಿ ಎಂದರೆ ಸಣ್ಣದು, ದೊಡ್ಡ ಪರ್ವತಕ್ಕೆ ಬೇರೆ ಪದವಿದೆ, ದಿಬ್ಬಕ್ಕೂ ಹಿಮಾಲಯಕ್ಕೂ ಒಂದೇ ಹೆಸರಿಡುವುದು ಎಸ್ಟೋನಿಯಾದವರ ಬಡಾಯಿ ಎಂದರು. ನಾನು ಬಡಾಯಿಯ ಪರ ನಿಂತೆ. ಧಾರವಾಡದ ನಮಗೆ ಚಿಕ್ಕದೂ ಗುಡ್ಡ, ದೊಡ್ಡದೂ ಗುಡ್ಡ. ಮೈಸೂರಿನ ನಮ್ಮ ಯಜಮಾನರು ಅದನ್ನು ಬೆಟ್ಟ ಎಂದು ತಿದ್ದಲು ಬಂದು ಸೋತಿದ್ದಾರೆ.

ಮಾತಿಗೆ ಮಾತು ಬೆಳೆದು ಹಬ್ಬಕ್ಕೆ ಬಂತು. ಈಸ್ಟರ್ ಉಪವಾಸಕ್ಕೆ ಮುಂಚೆ ಎರಡೂ ದೇಶಗಳಲ್ಲಿ ಹಿಮದ ಗುಡ್ಡದಿಂದ ಜಾರುವ ಪದ್ಧತಿಯಿದೆ. ಎಷ್ಟು ದೂರ ಜಾರಿದರೆ ಆ ವರ್ಷ ಅಗಸೆ ಅಷ್ಟು ಎತ್ತರ ಬೆಳೆಯುತ್ತದಂತೆ. ನಮಗೆ ಅಗಸಿ ಎಂದರೆ ಚಟ್ನಿಪುಡಿ. ಅವರಿಗೆ ನಾರು, ಮೈಮೇಲಿನ ಬಟ್ಟೆ. ಜಾರುವಾಗ ‘ಉದ್ದನೆಯ ಅಗಸೆ’ ಎಂದು ಕೂಗಬೇಕು. ಯಾರ ಕೂಗು ಜೋರು ಎಂದು ಇಬ್ಬರೂ ವಾರ್ಡಿನಲ್ಲೇ ಪಂದ್ಯ ಕಟ್ಟಿ, ಸಿಸ್ಟರ್ ಕೈಲಿ ಬೈಸಿಕೊಂಡರು. ಅಜ್ಜಿಯ ಕೆನ್ನೆ ಕೆಂಪಾಗಿತ್ತು. ಗಾಳಿ ಬಂದಾಗ ತೂರಿಕೊಳ್ಳಬೇಕಲ್ಲ, ಮರುದಿನವೇ ಅವರನ್ನು ಗಾಲಿಕುರ್ಚಿಯಲ್ಲಿ ಮನೆಯ ಬಾಗಿಲವರೆಗೆ ಕರೆದೊಯ್ದೆವು.

ಬಾಗಿಲಲ್ಲಿ ಅಜ್ಜಿ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ನನಗೂ ಭಯವಾಯಿತು. ಎಸ್ಟೋನಿಯಾದವಳು ಕುರ್ಚಿ ಮಡಚಿಕೊಂಡು ಹೋಗಿ ಕೆಳಗೆ ರಸ್ತೆಯಲ್ಲಿ ನಿಂತು ತನ್ನ ಭಾಷೆಯಲ್ಲಿ ಅಗಸೆಯ ಕೂಗು ಹಾಕಿದಳು. ಅಜ್ಜಿಗೆ ರೇಗಿತು. ನನ್ನ ತೋಳು ಬಿಟ್ಟು, ಕೋಲೂರಿ, ತಮ್ಮ ಭಾಷೆಯಲ್ಲಿ ಅದಕ್ಕಿಂತ ಜೋರಾಗಿ ಕೂಗುತ್ತ ಹೆಜ್ಜೆಹೆಜ್ಜೆಗೂ ನಿಂತು ಇಳಿದರು. ನಾನು ಬೆನ್ನಿಗೇ ಇದ್ದೆ. ರಸ್ತೆ ಮುಟ್ಟಿದಾಗ ನನಗೆ ಕಣ್ಣು ತುಂಬಿ ಬಂತು. ಪರೀಕ್ಷೆ ಮುಗಿಯಿತೆಂದು ಗಾಲಿಕುರ್ಚಿ ಬಿಡಿಸತೊಡಗಿದೆ.

ತಲೆಯೆತ್ತಿ ನೋಡಿದರೆ ಅಜ್ಜಿ ಮನೆಯ ಕಡೆ ತಿರುಗಿ ನಿಂತಿದ್ದಾರೆ.

“ಒಂದೇ ಸಲ ಜಾರಿ ಸುಮ್ಮನಾಗೋರು ಯಾರಮ್ಮ?” ಎಂದವರೇ ಗುಡ್ಡ ಹತ್ತತೊಡಗಿದರು.