ರೇನರ್ಸ್ ಲೇನ್‌ನಲ್ಲಿ ಇಟಲಿಯ ಸಂಜೆ

ಅನ್ವಿ, ರೋಹನ್, ಒಂದು ಸಂಜೆ ಪರದೇಶದ ಈ ರೇನರ್ಸ್ ಲೇನ್‌ನ ಕಿರಾಣಿ ಅಂಗಡಿಯ ಮುಂದೆ ನಿಮ್ಮ ಅಜ್ಜನ ತಂಗಿ ಸುಮತಿ ನನ್ನನ್ನು ತಡೆದು ನಿಲ್ಲಿಸಿದಳು.

“ವೈನಿ, ಇಳಕಲ್ ಸೀರಿ ಉಟಗೊಂಡು ಎಲ್ಲಿ ಹೊಂಟೀರಿ? ಯಾರ ಮದವಿ ಅದ?”

ನನ್ನ ಜೊತೆಗಿದ್ದವಳು ಪಕ್ಕದ ಮನೆಯ ಕಾರ್ಮೆಲಾ. ಅವಳೂ ನನ್ನಂತೆ ಗಂಡನನ್ನು ಕಳೆದುಕೊಂಡವಳು. ಇಟಲಿಯ ಅವಳ ಊರಿನಲ್ಲಿ ಸಂಜೆಯಾದರೆ ಮುದುಕರೂ ಒಳ್ಳೆಯ ಬಟ್ಟೆ ತೊಟ್ಟು ಬೀದಿಯಲ್ಲಿ ಸುಮ್ಮನೆ ಅಡ್ಡಾಡುತ್ತಾರೆ. ಅದನ್ನು ಕೇಳಿದಾಗಿನಿಂದ ನನಗೂ ಆಸೆ. ಅಜ್ಜ ಹೋದ ಮೇಲೆ ಮುಟ್ಟದ ಸೀರೆಯನ್ನು ಅವತ್ತು ಉಟ್ಟಿದ್ದೆ.

ನಾದಿನಿಗೆ ನಾನು ಎಂದೂ ಎದುರಾಡಿದವಳಲ್ಲ. ಮನೆಗೆ ತಿರುಗಿಬಿಡೋಣ ಅನ್ನಿಸಿತು. ಕನ್ನಡ ಬಾರದಿದ್ದರೂ ಕಾರ್ಮೆಲಾಗೆ ಅರ್ಥವಾಯಿತು. ನನ್ನ ಕೈ ಬಿಗಿಯಾಗಿ ಹಿಡಿದಳು.

“ಮದವಿ ಇಲ್ಲ ಸುಮತಿ. ಸಂಜಿ ಆಗೇದ, ಅದಕ್ಕ ಉಟ್ಟೀನಿ. ನೀನೂ ಬಾ,” ಅಂದೆ.

ಅವಳು ಬರಲಿಲ್ಲ. ನಾವು ಟ್ಯೂಬ್ ರೈಲಿನ ಸ್ಟೇಷನ್‌ವರೆಗೆ ಹೋಗಿ, ಮತ್ತೆ ಅವಳ ಮುಂದೆಯೇ ನಿಧಾನವಾಗಿ ಹಾದು ಬಂದೆವು.

ಈಗ ಮಳೆಯಿಲ್ಲದ ಸಂಜೆಯೆಲ್ಲ ಹೋಗುತ್ತೇನೆ, ಆ ಸೀರೆಯನ್ನೇ ಉಟ್ಟು. ಸೀರೆ ಸವೆದರೆ ಸವೆಯಲಿ, ಮಕ್ಕಳೇ. ನಿಮಗಾಗಿ ಬರೆದ ಈ ಹಾಳೆಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ.