ಬಣ್ಣ ತೊಳೆಯದ ದುರ್ಯೋಧನ

ಮೊನ್ನೆ ಹುಣಸೂರಿನ ನಮ್ಮ ಮನೆಯಲ್ಲಿ ಹಲಸಿನಹಣ್ಣು ಬಿಡಿಸೋಣವೆಂದು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡೆ. ಹಣ್ಣಿನ ಘಮಕ್ಕಿಂತ ಮೊದಲು ಎಣ್ಣೆಯ ವಾಸನೆ ಮೂಗಿಗೆ ಬಡಿದು ನಿಂಗೇಗೌಡರು ನೆನಪಾದರು. ನಾಟಕದವರು ಮುಖದ ಬಣ್ಣ ತೆಗೆಯುವುದು ಈ ಎಣ್ಣೆಯಿಂದಲೇ ಅಲ್ಲವೇ?

ನನ್ನ ನೌಕರಿಯ ಬಗ್ಗೆ ಕೇಳಬೇಡಿ, ಶುರುಮಾಡಿದರೆ ನಿಲ್ಲಿಸುವುದಿಲ್ಲ. ಹೆಗ್ಗಡದೇವನಕೋಟೆಯಲ್ಲಿ ಸಂಗೀತದ ಮೇಷ್ಟ್ರಾಗಿದ್ದೆ. ರಜೆಯಲ್ಲಿ ಹಾರ್ಮೋನಿಯಂ ಹೊತ್ತು ಹಳ್ಳಿಹಳ್ಳಿಗೆ ಪೌರಾಣಿಕ ನಾಟಕ ಕಲಿಸಿದೆ. ಬಿ.ಎಡ್. ಓದುವವರಿಗೆ ರಂಗಶಿಕ್ಷಣದ ಪಾಠ ಹೇಳಿದೆ. ಕೊನೆಗೆ ಸಾಂಸ್ಕೃತಿಕ ಅಧಿಕಾರಿಯಾದೆ. ಕುರ್ಚಿ ಸಿಕ್ಕಿದ್ದೇ ತಡ, ಹಾರ್ಮೋನಿಯಂ ಅಟ್ಟ ಸೇರಿತು, ಕೈಗೆ ಬೆಲ್ಲು ಬಂತು.

ಆಗ ಪಿರಿಯಾಪಟ್ಟಣದಲ್ಲಿ ನಾಟಕ ಸ್ಪರ್ಧೆ ಏರ್ಪಡಿಸಿದ್ದೆ. ತಂಡಕ್ಕೆ ಅರವತ್ತು ನಿಮಿಷ, ಮೀರಿದರೆ ಬೆಲ್. ಹಾರನಹಳ್ಳಿ ತಂಡದ ದುರ್ಯೋಧನ ನಿಂಗೇಗೌಡರು, ಹೊಗೆಸೊಪ್ಪು ಬೆಳೆಯುವವರು. ಹಾಡು ಸಿಕ್ಕರೆ ಬಿಡುವ ಆಸಾಮಿಯೇ ಅಲ್ಲ. ನಾಟಕ ಮುಗಿದು, ಮಂಗಳ ಹಾಡಲು ಎಲ್ಲರೂ ಸಾಲಾಗಿ ನಿಲ್ಲುವಷ್ಟರಲ್ಲಿ ನಾನು ಬೆಲ್ ಹೊಡೆದು ಪರದೆ ಎಳೆಸಿದೆ.

ಗೌಡರು ಗದೆ ಹಿಡಿದೇ ನನ್ನ ಮೇಜಿನ ಬಳಿ ಬಂದರು. "ಮಂಗಳ ಆಡ್ದೆ ಬಣ್ಣ ತೊಳ್ಯಂಗಿಲ್ಲ ಕಣ್ರೀ ಸಾ. ಎರಡೇ ನಿಮಿಸ ಬುಡಿ."

"ರೂಲ್ಸು ರೂಲ್ಸೇ ಗೌಡ್ರೇ."

ಗೌಡರು ಬಣ್ಣದ ಮುಖದಲ್ಲೇ ಬಸ್ಸು ಹತ್ತಿದರು. ನಾನು ನಕ್ಕೆ. ಈಗ ನಾಚಿಕೆಯಾಗುತ್ತದೆ.

ಸಂಜೆ ಅವರ ಹೆಂಡತಿಯ ಫೋನು. "ಸಾಮಿ, ನಾಳೆ ಬೆಳಿಗ್ಗೆ ನಮ್ ಮಗಳ್ನ ನೋಡಕ್ಕೆ ಗಂಡಿನ್ ಕಡೆಯೋರು ಬತ್ತಾವ್ರೆ. ಇವ್ರು ದುರ್ಯೋಧನ ಆಗೇ ಕುಂತವ್ರೆ! ಏನಾರ ಮಾಡಿ."

ಮನೆಯಲ್ಲೇ ಹಾಡಿಕೊಳ್ಳಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ತಡೆದವರೇ ಬಂದು ನಡೆಸಿಕೊಡಬೇಕಂತೆ.

ಬೆಳಿಗ್ಗೆ ಅಟ್ಟದಿಂದ ಹಾರ್ಮೋನಿಯಂ ಇಳಿಸಿ, ಧೂಳು ಕೊಡವಿ ಹೊರಟೆ. ಗೌಡರು ಜಗಲಿಯ ಮೇಲೆ ಕೂತಿದ್ದರು. ಅಂಗಿ ಪಂಚೆ ಹಾರನಹಳ್ಳಿಯವು, ಮುಖ ಮಾತ್ರ ಹಸ್ತಿನಾವತಿಯದು. ತಂಡದ ನಾಲ್ಕು ಜನ ಸೇರಿದರು, ಶುರುಮಾಡಿದೆವು. ಎರಡನೇ ಚರಣಕ್ಕೆ ನನಗೆ ಹಾಡೇ ಮರೆತುಹೋಯಿತು. ಊರೂರಿಗೆ ಕಲಿಸಿದ ಮಂಗಳ! ಬಾಗಿಲ ಮರೆಯಿಂದ ಗೌಡರ ಮಗಳು ಎತ್ತಿಕೊಟ್ಟಳು.

ಅಷ್ಟರಲ್ಲಿ ಗಂಡಿನ ಕಡೆಯವರ ಕಾರು ಬಂದು ನಿಲ್ಲಬೇಕೇ! ಸಂಬಂಧ ನನ್ನಿಂದಲೇ ಮುರಿಯಿತು ಎಂದುಕೊಂಡೆ. ಹುಡುಗನ ಅಪ್ಪ ಇಳಿದು ಗೌಡರ ಮುಖವನ್ನೇ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಕೈಮುಗಿದು ದನಿಗೂಡಿಸಿದರು. ಹಾಡು ಮುಗಿದ ಮೇಲೆ, "ಮಂಗಳ ಆಗಿರ್ನಿಲ್ವಾ? ಅಂಗಾರೆ ಸರಿ ಬುಡಿ. ನಾನು ನಮ್ಮೂರ ಭೀಮ ಕಣ್ರೀ, ಎಣ್ಣೆ ಕೊಡಿ ಇಲ್ಲಿ" ಎಂದು ತಾವೇ ದುರ್ಯೋಧನನ ಹಣೆ ಒರೆಸಲು ಕೂತರು. ಮದುವೆಯೂ ಆಯಿತು.

ಮುಂದಿನ ವಾರ ಕೆ.ಆರ್. ನಗರದ ಸ್ಪರ್ಧೆಗೆ ನಾನೇ ತೀರ್ಪುಗಾರ. ನಿನ್ನೆ ಸಂಘಟಕರು ಫೋನ್ ಮಾಡಿದಾಗ, ಮಂಗಳದ ಸಮಯವನ್ನು ಯಾರ ಲೆಕ್ಕಕ್ಕೂ ಹಿಡಿಯಬೇಡಿ ಎಂದೆ.

"ಟೈಮ್ ಎಲ್ಲಿಂದ ತರಾನ ಸಾರ್? ನಿಮ್ ಭಾಷಣಕ್ಕೆ ಇಪ್ಪತ್ತು ನಿಮಿಷ ಮಡಗಿದ್ದೀವಿ. ಅದ್ನ ತಗುದ್ಬುಡಾನಾ?"

ಭಾಷಣ ಬರೆದಾಗಿತ್ತು. ಚೆನ್ನಾಗಿಯೂ ಇತ್ತು.

"ತೆಗೀರಿ" ಎಂದೆ.