ಅವ್ವನಿಗೆ ಇಷ್ಟವಾದದ್ದು

ಅವ್ವ ನೆಮ್ಮದಿಯಾಗಿ ಕೂತು ಉಂಡದ್ದನ್ನು ನಾನು ನೋಡಿಯೇ ಇಲ್ಲ. ಹೆಮ್ಮರಗಾಲದ ಕಡೆಯ ನಮ್ಮ ಮನೆಯಲ್ಲಿ ಮೊದಲ ಸಾಲು ಅಪ್ಪನದು, ಇಬ್ಬರು ತಮ್ಮಂದಿರದು. ಆಮೇಲೆ ನಾನು. ಅವ್ವ ಕೊನೆಗೆ, ಒಲೆಯ ಕಡೆ ಮುಖ ಮಾಡಿ, ಮುದ್ದೆಯ ಪಾತ್ರೆಗೇ ಸಾರು ಸುರಿದುಕೊಂಡು ಬಳಿದು ಮುಗಿಸುತ್ತಿದ್ದಳು. ಅದು ಊಟವಲ್ಲ, ಪಾತ್ರೆ ತೊಳೆಯುವುದಕ್ಕೆ ಮುಂಚಿನ ಕೆಲಸ. ಮದುವೆಯಾಗಿ ನಾನು ನರಸೀಪುರಕ್ಕೆ ಬಂದೆ. ಅಲ್ಲಿ ಒಲೆಯ ಬದಲು ಗ್ಯಾಸಿತ್ತು, ಮುದ್ದೆಯ ಜೊತೆಗೆ ಚಪಾತಿಯೂ ಇತ್ತು, ಸಾಲು ಮಾತ್ರ ಅದೇ. ಬೆನ್ನು ತಿರುಗಿಸಿಕೊಂಡು ಉಣ್ಣುವ ಸರದಿ ನನ್ನದಾಯಿತು.

ನನ್ನ ಗಂಡ ಕಾಲೇಜು ಮೇಷ್ಟ್ರು. ಇಲ್ಲಿ ವರ್ಷವರ್ಷವೂ ಅತಿಥಿ ಉಪನ್ಯಾಸಕನಾಗಿ ಕೈಕಟ್ಟಿ ನಿಂತು ಸಾಕಾಗಿ, ಇಥಿಯೋಪಿಯದ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದರು. ಕೆಲಸ ಸಿಕ್ಕಿತು. ಪುಟ್ಟ ಮಗಳನ್ನು ಕಟ್ಟಿಕೊಂಡು ಮೂವರೂ ಹೊರಟೆವು. "ಲಂಡನ್ನು, ದುಬೈ ಅಂದ್ರೆ ಸರಿ. ಆಫ್ರಿಕಾಕ್ಕೆ ಯಾರಾರ ಓಯ್ತಾರಾ? ಅಲ್ಲಿ ತಿನ್ನಕ್ಕಾದ್ರೂ ಏನ್ ಸಿಕ್ಕದು?" ಎಂದು ನೆಂಟರು ನಕ್ಕರು. ಅವ್ವ ನಗಲಿಲ್ಲ. ರಾಗಿ ಹಿಟ್ಟಿನ ಗಂಟು ಕಟ್ಟಿಕೊಟ್ಟಳು.

ನಾವು ಅಲ್ಲಿಗೆ ಹೋದ ವಾರವೇ ನಮ್ಮ ಬಾಡಿಗೆ ಮನೆಯ ಮಾಲಕಿ ಊಟಕ್ಕೆ ಕರೆದಳು. ತಾನೇ ಚೊಂಬು ಹಿಡಿದು ಒಬ್ಬೊಬ್ಬರ ಕೈಗೂ ನೀರು ಹುಯ್ದಳು. ನಡುವೆ ಒಂದೇ ಒಂದು ದೊಡ್ಡ ತಟ್ಟೆ. ಅದರ ತುಂಬ ಇಂಜೆರ ಎಂಬ ಅಗಲವಾದ ಹುಳಿದೋಸೆ, ಅದರ ಮೇಲೆ ಅಲ್ಲಲ್ಲಿ ಬೇಳೆ, ಸೊಪ್ಪು, ಮಾಂಸದ ಗೊಜ್ಜು. ಮನೆಯವರು, ನೆಂಟರು, ಮಕ್ಕಳು ಎಲ್ಲರೂ ಅದೇ ತಟ್ಟೆಗೆ ಕೈ ಹಾಕಬೇಕು. ನಾನು ರೂಢಿಯಂತೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ. ಮಾಲಕಿ ನನ್ನ ಗಂಡನ ಕೈಯನ್ನು ತಟ್ಟೆಯ ಮೇಲೇ ತಡೆದು, ನನ್ನತ್ತ ತೋರಿಸಿ ಏನೋ ಗದರಿದಳು. ಭಾಷೆ ಬಾರದಿದ್ದರೂ ಅರ್ಥವಾಯಿತು. ಇವಳು ಕೂರುವ ತನಕ ಯಾರೂ ಮುಟ್ಟುವಂತಿಲ್ಲ.

ಕೂತೆ. ಅವಳು ಇಂಜೆರದ ಚೂರಿನಲ್ಲಿ ಬೇಳೆ ಸುತ್ತಿ, ನಿಂಬೆಹಣ್ಣಿನ ಗಾತ್ರದ ತುತ್ತು ಮಾಡಿ, ನೇರ ನನ್ನ ಬಾಯಿಗಿಟ್ಟಳು. ಅದಕ್ಕೆ ಗುರ್ಶ ಎಂದು ಹೆಸರು. ಅಕ್ಕರೆ ಇದ್ದವರಿಗೆ ಕೈಯಾರೆ ತಿನ್ನಿಸುವುದು. ತುತ್ತು ದೊಡ್ಡದಾದಷ್ಟೂ ಅಕ್ಕರೆ ಹೆಚ್ಚು, ಒಂದಕ್ಕೇ ನಿಲ್ಲಿಸಿದರೆ ಚೆನ್ನಾಗಿರುವುದಿಲ್ಲ.

ಎಂಜಲು ಎಂದು ಮುಖ ಸಿಂಡರಿಸಬೇಕಾಗಿದ್ದ ನಾನು ಅತ್ತುಬಿಟ್ಟೆ. ಖಾರವಾಯಿತೇನೋ ಎಂದು ಅವಳು ನೀರು ಕೊಟ್ಟಳು. ಖಾರವಲ್ಲ, ಸಿಟ್ಟು. ಬುದ್ಧಿ ಬಂದ ಮೇಲೆ ನನ್ನ ಬಾಯಿಗೆ ಯಾರೂ ತುತ್ತಿಟ್ಟಿರಲಿಲ್ಲ. ಮದುವೆಯ ದಿನ ಗಂಡ ಒಂದು ತುತ್ತು ಇಟ್ಟಿದ್ದು ನಿಜ, ಅದೂ ಫೋಟೋದವನು ಹೇಳಿದ್ದಕ್ಕೆ. ಒಂದು ತುತ್ತಿಗೆ ಸಮುದ್ರ ದಾಟಿ ಬರಬೇಕಾಯಿತಲ್ಲ! ಅಲ್ಲಿನ ಹೆಂಗಸರ ಬಾಳೇನೂ ಹೂವಿನ ಹಾಸಿಗೆಯಲ್ಲ. ನೀರು ಹೊರುವವರೂ ಅವರೇ, ಹಿಟ್ಟು ಕಲೆಸುವವರೂ ಅವರೇ. ಆದರೂ ತಟ್ಟೆಯ ಸುತ್ತ ಅವರಿಗೊಂದು ಜಾಗವಿತ್ತು.

ನನ್ನ ಗಂಡನೂ ಅಲ್ಲಿ ಚೆನ್ನಾಗಿಯೇ ಕಲಿತರು. ನಾನು ಬಂದು ಕೂರುವವರೆಗೆ ಕಾಯುತ್ತಿದ್ದರು. ಮೊದಲ ರಜಕ್ಕೆ ಊರಿಗೆ ಬಂದಾಗ ನರಸೀಪುರದ ಮನೆಯಲ್ಲಿ ಮಾವನವರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, "ಸಾರು" ಎಂದು ಕೂಗಿದರು. ನಾಯಿ ಬಾಲ ಡೊಂಕೇ. ನಾನೂ ಬಾಯಿ ಮುಚ್ಚಿಕೊಂಡು ಸಾರು ಬಿಟ್ಟೆ.

ಆದರೆ ಅವ್ವನ ವಿಷಯದಲ್ಲಿ ಸೋಲಬಾರದು ಎಂದುಕೊಂಡಿದ್ದೆ. ಒಂದು ಸಲವಾದರೂ ಅವಳು ಎಲ್ಲರ ಮುಂದೆ, ಎಲ್ಲರಿಗಿಂತ ಮೊದಲು ಉಣ್ಣಬೇಕು. ಬೇರೇನೂ ಬೇಕಿರಲಿಲ್ಲ ನನಗೆ. ತವರಿಗೆ ಹೋದವಳು ಮುದ್ದೆ ಮುರಿದು, ಉಪ್ಸಾರಿನಲ್ಲಿ ಅದ್ದಿ, ಅವಳ ಬಾಯ ಹತ್ತಿರ ಹಿಡಿದೆ. ಅವ್ವ ಹೊಸ ಮದುವಣಗಿತ್ತಿಯ ಹಾಗೆ ನಾಚಿ ಮುಖ ತಿರುಗಿಸಿದಳು.

"ಏನವ್ವ ನಿನ್ನ ಉಚ್ಚಾಟ! ಗಂಡುಸ್ರು ಉಣ್ಲಿ ಬುಡು ಮೊದ್ಲು."

ನಾನು ಬಿಡಲಿಲ್ಲ. ಕೊನೆಗೆ ಅವಳು ಬಾಯಿ ತೆರೆಯದೆ ಅಂಗೈ ಒಡ್ಡಿದಳು. ಅಷ್ಟರಲ್ಲಿ ನಡುಮನೆಯಿಂದ ದೊಡ್ಡ ತಮ್ಮ, "ಅವ್ವೋ, ಸಾರ್ ತತ್ತಾ" ಎಂದ. ಕೈಯಲ್ಲಿದ್ದ ತುತ್ತನ್ನು ಪಕ್ಕದಲ್ಲಿದ್ದ ನನ್ನ ಮಗಳ ಬಾಯಿಗಿಟ್ಟು ಅವ್ವ ಓಡಿದಳು. "ಅಜ್ಜಿ ಗುರ್ಶ ಕೊಟ್ರು!" ಎಂದು ಮಗಳು ಕುಣಿದಳು. ಯಾರನ್ನು ಬಯ್ಯಲಿ?

ಅವ್ವ ಹೋದಾಗ ನಾವು ಆ ದೇಶದಲ್ಲೇ ಇದ್ದೆವು. ಮಣ್ಣಿಗೆ ಬರಲಾಗಲಿಲ್ಲ, ತಿಥಿಗೆ ಬಂದೆವು. ಅವತ್ತು ಸತ್ತವರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾಗಿದ್ದನ್ನೆಲ್ಲ ಮಾಡಿ, ಎಲೆಗೆ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುವುದು. ಅವರು ಬಂದು ಉಂಡು ಹೋಗುತ್ತಾರೆಂದು ನಂಬಿಕೆ. ಹಿಂದೆ ಅಪ್ಪನ ಎಡೆಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಬೋಟಿ ಗೊಜ್ಜು, ಬೀಡಿ ಕಟ್ಟು, ಒಂದು ಕ್ವಾರ್ಟರ್. ಊರಿಗೆಲ್ಲ ಗೊತ್ತಿತ್ತು.

"ಅವ್ವುಂಗೇನ್ ಇಷ್ಟ?" ಎಂದು ದೊಡ್ಡ ತಮ್ಮ ಕೇಳಿದ.

ಕಿರಿಯವನು ನನ್ನ ಮುಖ ನೋಡಿದ. "ನೀನೇ ಏಳಕ್ಕ. ಎಣ್ಮಗಳು, ನಿಂಗ್ ಗೊತ್ತಿರ್ತದೆ."

ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಮುದುಕಿಯನ್ನು ಕರೆದು ಕೇಳಿದೆವು.

"ಇಂಥದ್ದೇ ಅಂತ ಏನಿತ್ತವ್ವ ಅವುಳ್ಗೆ? ಉಳ್ದುದ್ದ ಉಣ್ಣೋಳು" ಎಂದಳು ಅವಳು.

"ಅಂಗಾದ್ರೆ ಎಲ್ಲಾನೂ ಇಟ್ಬುಡವ" ಎಂದ ದೊಡ್ಡ ತಮ್ಮ. "ರಸಬಾಳೆನೂ ತರ್ಸು. ಅದ ಬ್ಯಾಡ ಅನ್ನೋರು ಯಾರವ್ರೆ?"

ಒಬ್ಬಟ್ಟು, ವಡೆ, ಪಾಯಸ, ಪಲ್ಯ, ಬಾಳೆಹಣ್ಣು. ಎಲೆಯಲ್ಲಿ ಜಾಗ ಸಾಲಲಿಲ್ಲ. ಕೊನೆಗೂ ಅವ್ವನಿಗೆ ಮೊದಲ ಸಾಲು ಸಿಕ್ಕಿತು. ಆ ಎಲೆಯನ್ನು ಎತ್ತಿ ತಿಪ್ಪೆಗೆ ಎಸೆದುಬಿಡಬೇಕು ಎನ್ನುವಷ್ಟು ಕೋಪ ಬಂತು. ಎಲ್ಲರ ಜೊತೆ ನಾನೂ ಕೈ ಮುಗಿದೆ.

ಬಾಗಿಲು ತೆಗೆದ ಮೇಲೆ ಗಂಡಸರು ಸಾಲಾಗಿ ಕೂತರು. ನನ್ನ ಗಂಡನೂ ಕೂತರು. ಬೆಳಗಿನಿಂದ ಒಲೆಯ ಮುಂದೆ ಬೆಂದಿದ್ದ ಕಿರಿಯ ತಮ್ಮನ ಹೆಂಡತಿ ಸಾರಿನ ಬಕೀಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಅವ್ವನ ಎಡೆಯಿಂದ ಒಬ್ಬಟ್ಟು ಮುರಿದು ಅವಳ ಬಾಯ ಹತ್ತಿರ ಹಿಡಿದೆ. ಅವಳು ಮುಖ ತಿರುಗಿಸಿ ಅಂಗೈ ಒಡ್ಡಿದಳು.

"ಅವ್ರು ಉಣ್ಲಿ ಬುಡಿ ಅಕ್ಕ, ಮೊದ್ಲು."

"ಆಯ್ತು, ಆಮೇಲೇ ತಿನ್ನು. ನಿಂಗೇನಿಷ್ಟ, ಅದ್ನಾದ್ರೂ ಹೇಳು."

ಅವಳು ಬಕೀಟನ್ನು ಇನ್ನೊಂದು ಕೈಗೆ ಬದಲಿಸಿ, ನಿಜವಾಗಿಯೂ ಯೋಚಿಸಿದಳು. ಸಾಲಿನಿಂದ ನನ್ನ ಗಂಡ, "ಸಾರು" ಎಂದು ಕೂಗಿದರು.

"ಏನಾದ್ರೂ ಆಯ್ತದೆ ಬುಡಿ" ಎಂದು ಅವಳು ಆ ಕಡೆ ನಡೆದಳು.